ಹಸಿರು ಗುಂಡಿ ಒತ್ತುವ ಮುಂಚೆ

ಮೊನ್ನೆ ತುಮಕೂರಿನ ನಮ್ಮ ಬೀದಿಯಲ್ಲಿ ಹೊಸದಾಗಿ ಕಟ್ಟುತ್ತಿರುವ ಮನೆಯ ಮುಂದೆ ಹಲಸಿನ ಹಲಗೆ ಕೊಯ್ಯುತ್ತಿದ್ದರು. ಹಳದಿ ಹೊಟ್ಟು ರಸ್ತೆಯವರೆಗೂ ಹಾರಿ ಬಂದಿತ್ತು. ಹಲಸಿನ ಮರ ಕೊಯ್ದಾಗ ಬರುವ ವಾಸನೆಯೇ ಬೇರೆ. ಒಂದಿಷ್ಟು ಸಿಹಿ, ಒಂದಿಷ್ಟು ಸುಟ್ಟ ಹಾಗೆ... ತರಕಾರಿ ಚೀಲ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಗುಬ್ಬಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಕ್ಕ ನೆನಪಾದರು.

ಆಗ ನಾನು ಗುಬ್ಬಿಯ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಬಾಡಿಗೆಗಿದ್ದ ಮನೆಗೂ ಅವರ ಮನೆಗೂ ನಡುವೆ ಮೊಣಕಾಲೆತ್ತರದ ಗೋಡೆ. ಆ ಕಡೆ ತಗಡಿನ ಶೆಡ್ಡು. ಅಕ್ಕನ ಗಂಡ ಅಲ್ಲಿ ಹಲಸಿನ ಮರದ ಬಾಗಿಲು, ಕಿಟಕಿ ಮಾಡುತ್ತಿದ್ದರು. ಶೆಡ್ಡಿನ ಮಧ್ಯೆ ಒಂದು ಟೇಬಲ್ ಸಾ ಇತ್ತು. ಕಬ್ಬಿಣದ ಮೇಜಿನ ಸೀಳಿನಿಂದ ದುಂಡನೆಯ ಗರಗಸದ ಬ್ಲೇಡು ಮೇಲೆದ್ದು ತಿರುಗುವ ಮಿಷನ್ನು ಅದು. ನಾನು ಮಕ್ಕಳ ಪರೀಕ್ಷೆ ಪೇಪರು ತಿದ್ದುವಾಗಲೆಲ್ಲ ಅದರ ಕಿರುಚಾಟ ಕೇಳುತ್ತಲೇ ಇರುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಹಲಗೆ ಅರ್ಧ ಕೊಯ್ದಿದ್ದಾಗ ಕರೆಂಟು ಹೋಯಿತು. ಬ್ಲೇಡು ಹಲಗೆಯೊಳಗೇ ಕಚ್ಚಿಕೊಂಡು ನಿಂತಿತು. ಅಕ್ಕನ ಗಂಡ ಸ್ವಿಚ್ಚು ಆರಿಸದೆ, ಬಗ್ಗಿ ಹಲಗೆಯನ್ನು ಬಿಡಿಸಲು ಹೋದರು. ಅಷ್ಟರಲ್ಲಿ ಕರೆಂಟು ಬಂತು. ಬ್ಲೇಡಿನ ಮೇಲೆ ಇರಬೇಕಾಗಿದ್ದ ಗಾರ್ಡು ಕೆಲಸಕ್ಕೆ ಅಡ್ಡವಾಗುತ್ತದೆಂದು ಎಂದೋ ಬಿಚ್ಚಿ ಗೋಡೆಗೆ ನೇತುಹಾಕಿದ್ದರು. ಬಲಗೈಯ ಹೆಬ್ಬೆರಳು, ಅದರ ಪಕ್ಕದ ಎರಡು ಬೆರಳು ಹೋದವು.

ಆಮೇಲೆ ಮೂರು ತಿಂಗಳು ಮಿಷನ್ನಿನ ಮೇಲೆ ಟಾರ್ಪಾಲು ಹೊದಿಸಿತ್ತು. ಒಪ್ಪಿಕೊಂಡಿದ್ದ ಬಾಗಿಲುಗಳು ಅರ್ಧಕ್ಕೇ ಗೋಡೆಗೆ ಒರಗಿ ನಿಂತಿದ್ದವು. ಅವರು ಶೆಡ್ಡಿಗೆ ಬೆನ್ನು ಮಾಡಿ ಜಗುಲಿಯ ಮೇಲೆ ಕೂತಿರುತ್ತಿದ್ದರು. ಮಾರಿಬಿಡಿ ಎಂದು ಬಂದವರೆಲ್ಲ ಹೇಳಿದರು. ನಾನೂ ಹೇಳಿದೆ.

ಅಕ್ಕ ಬಟ್ಟೆ ಒಣಹಾಕುತ್ತಿದ್ದರು. ತಿರುಗಿ ನೋಡದೆಯೇ ಅಂದರು, "ಮಿಷನ್ ಏನ್ ತಪ್ಪು ಮಾಡೈತೆ ಮೇಡಂ? ನಾನೇ ಓಡಿಸ್ತೀನಿ."

ತಮಾಷೆ ಅಂದುಕೊಂಡೆ. ಮಾರನೆಯ ದಿನ ಅವರು ಧೂಳು ಹಿಡಿದ ಒಂದು ಪುಸ್ತಕ ಹಿಡಿದುಕೊಂಡು ಗೋಡೆ ದಾಟಿ ಬಂದರು. ಮಿಷನ್ನಿನ ಜೊತೆ ಬಂದಿದ್ದ ಪುಸ್ತಕ ಅದು, ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟದ್ದು ಇಟ್ಟ ಹಾಗೇ ಇತ್ತು. ಎಲ್ಲ ಇಂಗ್ಲಿಷಿನಲ್ಲಿ. "ಒಂದೊಂದೇ ಸಾಲು ಓದಿ ಹೇಳಿ. ಒಂದೂ ಬಿಡಬೇಡಿ," ಅಂದರು.

ಶಾಲೆ ಮುಗಿದ ಮೇಲೆ ದಿನಾ ಸಂಜೆ ಓದಿದೆವು. ನಾನು ಕನ್ನಡದಲ್ಲಿ ಹೇಳುತ್ತಿದ್ದೆ, ಅವರು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಅರ್ಥವಾಗದ ಜಾಗದಲ್ಲಿ ಇಬ್ಬರೂ ಎದ್ದು ಶೆಡ್ಡಿಗೆ ಹೋಗಿ, ಪ್ಲಗ್ಗು ಕಿತ್ತಿದೆಯೇ ಎಂದು ನೋಡಿ, ಟಾರ್ಪಾಲು ಸರಿಸಿ ಆ ಭಾಗವನ್ನು ಮುಟ್ಟಿ ನೋಡಿ ಬರುತ್ತಿದ್ದೆವು. ಓದುವುದು ಮುಗಿದ ಮೇಲೆ ಅಕ್ಕ ಸುಮ್ಮನಾಗಲಿಲ್ಲ. ತುಮಕೂರಿನ ಹತ್ತಿರದ ಸತ್ಯಮಂಗಲದಲ್ಲಿ ಮರದ ಪೆಟ್ಟಿಗೆ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ಅವರ ಸೋದರಮಾವ ಇಂಥದೇ ಮಿಷನ್ನು ಓಡಿಸುತ್ತಿದ್ದರು. ಹದಿನೈದು ದಿನ ಬಸ್ಸು ಹತ್ತಿ ಹೋಗಿ, ಆ ಮಾವನ ಪಕ್ಕ ನಿಂತು ನೋಡಿದರು. ಕೊನೆಕೊನೆಗೆ ಹಲಗೆಗೂ ಕೈ ಹಾಕಿ ಕಲಿತು ಬಂದರು.

ಅವರಿಗೆ ಮೊದಲಿನಿಂದಲೂ ಕಾಡುತ್ತಿದ್ದದ್ದು ಆ ಕರೆಂಟು. ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಕೇಳಿದರು, "ಹಾಗಲವಾಡೀಲಿ ನಮ್ಮಪ್ಪನ ಪಂಪ್‌ಸೆಟ್ಟಿಗೆ ಸ್ಟಾರ್ಟರ್ ಐತೆ. ಕರೆಂಟ್ ಹೋದ್ರೆ ಅದೇ ಬಿಟ್ಕೊಳ್ತೈತೆ, ಮತ್ತೆ ಗುಂಡಿ ಒತ್ತೋಗಂಟ ಮೋಟ್ರು ತಿರುಗಲ್ಲ. ಇದಕ್ಯಾಕೆ ಅಂಥದ್ದಿಲ್ಲ?"

ಅವನು ತಲೆ ಕೆರೆದುಕೊಂಡ. "ಹಾಕಬೋದು ಅಕ್ಕ. ಯಾರೂ ಕೇಳಲ್ಲ."

"ನಾನು ಕೇಳ್ತಾ ಇದೀನಲ್ಲ."

ಹೀಗೆ ಶೆಡ್ಡಿಗೆ ಹಸಿರು, ಕೆಂಪು ಗುಂಡಿಗಳ ಸ್ಟಾರ್ಟರು ಬಂತು. ಕೆಂಪನ್ನು ಮೊಣಕಾಲಿನಲ್ಲಿ ಒತ್ತಿದರೂ ಮಿಷನ್ನು ಆರುವ ಹಾಗೆ ತಗ್ಗಿನಲ್ಲಿ ಕೂರಿಸಿದರು.

ಮಿಷನ್ನನ್ನು ಸಜ್ಜುಗೊಳಿಸಿದ ಭಾನುವಾರ ನಾನು ಜೊತೆಗಿದ್ದೆ. ಅಕ್ಕ ಪ್ಲಗ್ಗನ್ನು ಕಿತ್ತು, ಕಣ್ಣಿಗೆ ಕಾಣುವ ಹಾಗೆ ಮೇಜಿನ ಮೇಲೇ ಇಟ್ಟರು. ಬ್ಲೇಡಿನ ಒಂದು ಹಲ್ಲಿಗೆ ಸುಣ್ಣದ ಗುರುತು ಹಾಕಿ ಮುಂದಕ್ಕೆ ತಂದರು. ಹಲಗೆಗೆ ಒತ್ತಾಸೆಯಾಗಿ ನಿಲ್ಲುವ ಕಬ್ಬಿಣದ ಪಟ್ಟಿಗೂ ಆ ಹಲ್ಲಿಗೂ ಎಷ್ಟು ದೂರ ಎಂದು ನಾನು ಅಳೆದೆ. ಅದೇ ಹಲ್ಲನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಅಳೆದೆ. ಎರಡೂ ಒಂದೇ ಬರಬೇಕಿತ್ತು. ಹಿಂದೆ ಎರಡು ಮಿಲಿಮೀಟರ್ ಕಡಿಮೆ ಇತ್ತು. ಅಂದರೆ ಪಟ್ಟಿ ಸೊಟ್ಟಗಿತ್ತು. ತಳ್ಳಿದ ಹಲಗೆ ಹೋಗ್ತಾ ಹೋಗ್ತಾ ಬ್ಲೇಡಿಗೆ ಒತ್ತಿಕೊಳ್ಳುತ್ತಿತ್ತು.

ಅಕ್ಕ ಟೇಪನ್ನು ಇಸಿದುಕೊಂಡು ತಾವೇ ಇನ್ನೊಮ್ಮೆ ಅಳೆದರು. "ಅವತ್ತು ಸಿಕ್ಕಾಕೊಂಡಿದ್ದು ಇದಕ್ಕೇ ಇರಬೇಕು," ಅಂದರು. ಆಮೇಲೆ ಮೆಲ್ಲಗೆ, "ಅವರಿಗೆ ಹೇಳಬೇಡಿ ಮೇಡಂ. ಇರೋ ನೋವೇ ಸಾಕು."

ಪಟ್ಟಿಯನ್ನು ನೆಟ್ಟಗೆ ಮಾಡಿದೆವು. ಮೂಲೆಮಟ್ಟ ಇಟ್ಟು ಬ್ಲೇಡು ಮೇಜಿನ ಮೇಲೆ ನೆಟ್ಟಗೆ ನಿಂತಿದೆಯೇ ನೋಡಿದೆವು. ಕೊಯ್ದ ಹಲಗೆ ಮತ್ತೆ ಕೂಡಿಕೊಂಡು ಬ್ಲೇಡನ್ನು ಅಮುಕದ ಹಾಗೆ ಅದರ ಹಿಂದೆ ನಿಲ್ಲುವ ಒಂದು ತೆಳು ತಗಡು ಇರುತ್ತದೆ. ಅದು ಮೊಳೆ ಡಬ್ಬಿಯ ತಳದಲ್ಲಿ ಸಿಕ್ಕಿತು. ಗೋಡೆಯಿಂದ ಗಾರ್ಡು ಇಳಿಸಿ, ಜೇಡರಬಲೆ ಒರೆಸಿ, ಇದ್ದ ಜಾಗಕ್ಕೆ ಸೇರಿಸಿದರು. ಕೈ ಬ್ಲೇಡಿನ ಹತ್ತಿರ ಒಂದು ಗೇಣಿಗಿಂತ ಒಳಗೆ ಹೋಗಬಾರದೆಂದು, ಹಲಗೆ ತಳ್ಳಲು ಒಂದು ಕೋಲನ್ನು ತಾವೇ ಕೆತ್ತಿಕೊಂಡರು.

ದೊಡ್ಡ ಜಗಳವಾದದ್ದು ಬಳೆಗೆ. ತಿರುಗುವ ಬ್ಲೇಡಿನ ಮುಂದೆ ಜೋತಾಡುವುದು ಯಾವುದೂ ಇರಬಾರದೆಂದು ಪುಸ್ತಕದಲ್ಲಿತ್ತು. ಅಕ್ಕ ಸೀರೆಯ ಸೆರಗನ್ನು ಬಿಗಿಯಾಗಿ ಸಿಕ್ಕಿಸಿ, ಮೇಲೆ ಗಂಡನ ಅಂಗಿಯನ್ನು ತೊಟ್ಟು ತೋಳು ಮಡಚಿ, ಕೂದಲು ಗಂಟು ಕಟ್ಟಿ, ಎರಡೂ ಕೈಯ ಬಳೆ ತೆಗೆದು ಕಿಟಕಿಯಲ್ಲಿಟ್ಟರು. ಬಾಗಿಲಲ್ಲಿ ನಿಂತಿದ್ದ ಅವರ ಅತ್ತೆ ಕೂಗಿಕೊಂಡರು.

"ಏನ್ಲೇ, ಗಂಡ ಗಟ್ಟಿಯಾಗಿ ಕೂತವ್ನೆ, ಕೈ ಬೋಳು ಮಾಡ್ಕೊಂಡು ನಿಂತಿದೀಯಲ್ಲೇ?"

"ಬಳೆ ತೊಡಕ್ಕೂ ಕೈ ಇರಬೇಕಲ್ಲ ಅತ್ತೆ," ಅಂದರು ಅಕ್ಕ. ದನಿ ಏರಿಸಲಿಲ್ಲ. "ಕೆಲಸ ಆಗ್ತಿದ್ದಂಗೆ ಹಾಕ್ಕೊತೀನಿ."

ಅತ್ತೆ ಅಳುತ್ತಾ ಒಳಗೆ ಹೋದರು. ಅಕ್ಕ ಪ್ಲಗ್ಗು ಚುಚ್ಚಿದರು, ಕನ್ನಡಕ ಹಾಕಿಕೊಂಡರು. ಹಸಿರು ಗುಂಡಿಯ ಮೇಲೆ ಬೆರಳಿಟ್ಟರು. ಆಗ ಬೆನ್ನ ಹಿಂದಿನಿಂದ ಒಂದು ದನಿ ಬಂತು.

"ಬ್ಲೇಡು ಜಾಸ್ತಿ ಮೇಲಿದೆ. ಇಳ್ಸು."

ಅವರ ಗಂಡ. ಗಾಯದ ಕೈಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಶೆಡ್ಡಿನ ಬಾಗಿಲಿಗೆ ಬಂದು ನಿಂತಿದ್ದರು. ಮೂರು ತಿಂಗಳಲ್ಲಿ ಅದೇ ಮೊದಲು.

ಅಕ್ಕ ಗುಂಡಿಯಿಂದ ಕೈ ತೆಗೆದರು. ಮತ್ತೆ ಪ್ಲಗ್ಗು ಕಿತ್ತು ಬ್ಲೇಡು ಇಳಿಸಿದರು. "ಇಷ್ಟು ಸಾಕಾ?"

"ಇನ್ನೊಂಚೂರು. ಹಲ್ಲಷ್ಟೇ ಹಲಗೆಯಿಂದ ಮೇಲೆ ಕಂಡ್ರೆ ಆಯ್ತು. ಬ್ಲೇಡಿನ ನೇರಕ್ಕೆ ನಿಂತ್ಕೋಬೇಡ. ಎಡಕ್ಕೆ ಬಾ."

ಅಕ್ಕ ಎಡಕ್ಕೆ ಸರಿದು ನಿಂತು ಗುಂಡಿ ಒತ್ತಿದರು. ಹಲಗೆ ಸದ್ದು ಮಾಡುತ್ತಾ ಎರಡಾಯಿತು. ಬ್ಲೇಡು ಪೂರ್ತಿ ನಿಲ್ಲುವವರೆಗೂ ಕೈಕಟ್ಟಿ ಕಾದರು. ಬ್ಲೇಡು ಎಲ್ಲೂ ಒತ್ತಿರಲಿಲ್ಲ, ಅಂಚು ಸುಟ್ಟಿರಲಿಲ್ಲ. ಕೊಯ್ದ ತುಂಡನ್ನು ತೆಗೆದುಕೊಂಡು ಹೋಗಿ ಗಂಡನ ಎಡಗೈಗೆ ಕೊಟ್ಟರು. ಅವರು ಅಂಚನ್ನು ಸವರಿ ನೋಡಿದರು. ಮಾರನೆಯ ದಿನದಿಂದ ಜಗುಲಿಯ ಮೇಲೆ ಶೆಡ್ಡಿನ ಕಡೆ ಮುಖ ಮಾಡಿ ಕೂರತೊಡಗಿದರು.

ನಿಂತಿದ್ದ ಬಾಗಿಲುಗಳು ಒಂದೊಂದಾಗಿ ಮುಗಿದವು. ಕೊಯ್ಯುವುದು ಅಕ್ಕ, ಅಳತೆ ಗುರುತು ಅವರ ಗಂಡನದು. ಜನ ಮೊದಮೊದಲು ನೋಡಲೆಂದೇ ಬಂದರು, ಆಮೇಲೆ ಕೆಲಸ ಕೊಡಲು ಬಂದರು. ಒಮ್ಮೆ ಬಾಗಿಲು ಮಾಡಿಸಲು ಬಂದ ಒಬ್ಬ ಯಜಮಾನರು ಅಕ್ಕನ ಬೆನ್ನ ಹಿಂದೆ ಬಲಗಡೆ, ಸರಿಯಾಗಿ ಬ್ಲೇಡಿನ ನೇರಕ್ಕೆ, ಗೋಡೆಗೆ ಒರಗಿ ನಿಂತರು. ಗಾರ್ಡು ತೆಗೆದರೆ ಬೇಗ ಆಗುತ್ತದಲ್ಲ ಎಂದು ಬುದ್ಧಿಯನ್ನೂ ಹೇಳಿದರು.

ಅಕ್ಕ ಮೊಣಕಾಲಿನಲ್ಲಿ ಕೆಂಪು ಗುಂಡಿ ಒತ್ತಿದರು. "ಅಲ್ಲಿ ನಿಂತ್ಕೋಬೇಡಿ, ಈಚೆ ಬನ್ನಿ."

"ಏ, ಬುಡಮ್ಮ, ಏನಾಗಲ್ಲ. ನೀನು ಕೊಯ್ಯಿ."

"ನೀವು ಈಚೆ ಬರೋಗಂಟ ಮಿಷನ್ ತಿರುಗಲ್ಲ."

ಅವರು ಗೊಣಗುತ್ತಾ ಸರಿದರು. ಅಕ್ಕ ಮತ್ತೆ ಶುರು ಮಾಡಿದರು. ಮರದಲ್ಲಿ ಗಂಟಿತ್ತೋ ಏನೋ, ಕೊನೆಯಲ್ಲಿ ಕತ್ತರಿಸಿದ ಮರದ ಚೂರೊಂದು ಸಿಡಿದು ಹಿಂದಕ್ಕೆ ಹಾರಿತು. ಯಜಮಾನರು ಒರಗಿದ್ದ ಜಾಗದಲ್ಲೇ, ಎದೆಯ ಮಟ್ಟದಲ್ಲಿ ತಗಡಿನ ಗೋಡೆಗೆ ಬಡಿದು, ತಗಡು ನೆಗ್ಗಿಹೋಯಿತು. ಯಜಮಾನರು ಇನ್ನೂ ಎರಡು ಹೆಜ್ಜೆ ಈಚೆ ಬಂದರು. ಅಕ್ಕ ಹೆದರಿದ್ದರು, ಮುಖ ಬಿಳಿಚಿಕೊಂಡಿತ್ತು. ಮಿಷನ್ನು ಆರಿಸಿ, ಒಂದು ಲೋಟ ನೀರು ಕುಡಿದು, ಕಬ್ಬಿಣದ ಪಟ್ಟಿಯ ಅಳತೆಯನ್ನು ಮುಂದೆ ಹಿಂದೆ ಇನ್ನೊಮ್ಮೆ ನೋಡಿ, ಉಳಿದ ಹಲಗೆಯನ್ನು ಅವತ್ತೇ ಕೊಯ್ದು ಮುಗಿಸಿದರು.

ನಾನು ವರ್ಗವಾಗಿ ತುಮಕೂರಿಗೆ ಬಂದ ಮೇಲೂ ಅಕ್ಕ ಹಬ್ಬಕ್ಕೊಮ್ಮೆ ಫೋನು ಮಾಡುತ್ತಿದ್ದರು. "ಹೆಂಗಿದೀರಾ ಅಕ್ಕ?" ಅಂದರೆ, "ಹತ್ತಕ್ಕೆ ಹತ್ತು ಇದಾವೆ ಮೇಡಂ," ಎಂದು ಬೆರಳಿನ ಲೆಕ್ಕ ಕೊಟ್ಟು ನಗುತ್ತಿದ್ದರು. ಹೋದ ವರ್ಷ ಒಂದು ಬೆಳಿಗ್ಗೆ ಎದೆನೋವು ಎಂದು ಕೂತವರು ಮತ್ತೆ ಏಳಲಿಲ್ಲ. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಹಲಸಿನ ವಾಸನೆ ಮೂಗಿಗೆ ಬಡಿದ ಅವತ್ತೇ ಸಂಜೆ ಅವರ ಗಂಡನಿಗೆ ಫೋನು ಮಾಡಿದೆ. ಮಿಷನ್ನನ್ನು ಕುಣಿಗಲ್ ಕಡೆ ಅಮೃತೂರಿನ ಒಬ್ಬ ಹೆಣ್ಣುಮಗಳಿಗೆ ಕೊಟ್ಟರಂತೆ. ತನ್ನದೇ ಶೆಡ್ಡು ಹಾಕುತ್ತೇನೆಂದು ವಿಚಾರಿಸಿಕೊಂಡು ಬಂದಿದ್ದಳಂತೆ. ಟೆಂಪೋದಲ್ಲಿ ಅವರೂ ಜೊತೆಗೆ ಹೋದರಂತೆ. ಅಪಘಾತವಾದ ಮೇಲೆ ಒಂದು ಸಲವೂ ಆ ಮಿಷನ್ನನ್ನು ಮುಟ್ಟಿರದವರು ಮೂರು ದಿನ ಅಲ್ಲೇ ಉಳಿದು, ಎಡಗೈಯಲ್ಲಿ ನಟ್ಟು ತಿರುಗಿಸಿ ಎಲ್ಲ ಕೂರಿಸಿಕೊಟ್ಟು ಬಂದಿದ್ದರು.

"ನಮ್ಮೋಳು ನಿಂತ್ಕೊಂತಿದ್ಲಲ್ಲ ಮೇಡಂ, ಹಂಗೇ ನಿಲ್ಲಿಸಿ ತೋರಿಸ್ಕೊಟ್ಟೆ," ಅಂದರು. "ಆ ಹುಡುಗಿ ಚೆನ್ನಾಗಿ ಕಲಿತಾಳೆ."

ಸಂತೋಷವಾಯಿತು. ಫೋನು ಇಟ್ಟ ಮೇಲೆ, ಇದನ್ನು ಈಗಲೇ ಅಕ್ಕನಿಗೆ ಹೇಳಬೇಕು ಅನ್ನಿಸಿತು. ಕೈ ಅವರ ನಂಬರಿನವರೆಗೂ ಹೋಗಿತ್ತು...