ಮಾವನ ಬೆನ್ನಿನ ಕೋನ

ಒಂದು ದಿನವೂ ಮೈ ಬಗ್ಗಿಸಿ ದುಡಿಯದವನೇ ಬೇರೆಯವರ ಬೆನ್ನು ಅಳೆಯಲು ಬರುತ್ತಾನೆ. ಹುಣಸೂರಿನ ಮರದ ಡಿಪೋಗೆ ವಿಲಾಯಿತಿಯಲ್ಲಿ ಓದಿದ್ದ ಆ ಸಾಹೇಬರು ಬಂದದ್ದೂ ಅದಕ್ಕೇ. ಗರಗಸ ಎಳೆಯುವವರ ಹೆಗಲು, ಸೊಂಟ, ಮೊಣಕಾಲಿಗೆ ಸುಣ್ಣದ ಬೊಟ್ಟಿಟ್ಟು ಫೋಟೋ ಹಿಡಿಸುವುದು. ಬೊಟ್ಟಿಂದ ಬೊಟ್ಟಿಗೆ ಗೆರೆ ಎಳೆಸಿ, ಯಾರ ಬೆನ್ನು ಎಷ್ಟು ಡಿಗ್ರಿ ವಾಲಿದೆ ಎಂದು ಲೆಕ್ಕ ಹಾಕಿಸುವುದು. ಹೆಚ್ಚು ವಾಲಿದವನು ಸವೆದ ಆಳು, ಅವನನ್ನು ಬಿಡಿಸಬೇಕು. ಆಹಾ, ಏನು ವಿದ್ಯೆ!

ಗೆರೆ ಎಳೆಯುವ ಗುಮಾಸ್ತ ನಾನು. ಹೊಸದಾಗಿ ಸೇರಿದ್ದೆ. ಕೋನಮಾಪಕ ಕೈಗೆ ಬಂದರೆ ಸಾಕು, ನನಗೂ ಕೊಂಬು ಮೂಡುತ್ತಿತ್ತು.

ನನ್ನ ಸೋದರಮಾವ ಅಲ್ಲೇ ಗರಗಸದಾಳು. ಕೋಟೆ ತಾಲೂಕಿನ ಕಾಡಿನಿಂದ ಬಂದ ತೇಗದ ದಿಮ್ಮಿಯ ಮೇಲೆ ನಿಂತು ಎಳೆಯುವವನು. ಕೆಳಗೆ ಗುಂಡಿಯಲ್ಲಿ ಇನ್ನೊಬ್ಬ. ಅಪ್ಪ ಸತ್ತ ಮೇಲೆ ನನ್ನನ್ನು ಓದಿಸಿದವನು ಅವನೇ. ಫೋಟೋದಲ್ಲಿ ಅವನ ಬೆನ್ನು ಹದಿನೈದು ಡಿಗ್ರಿ ವಾಲಿತ್ತು. ಎರಡು ಸಲ ಅಳೆದೆ, ಅಷ್ಟೇ ಬಂತು. ಪಟ್ಟಿಯಲ್ಲಿ ಬರೆದುಕೊಟ್ಟೆ.

ತನ್ನ ಹೆಸರು ಪಟ್ಟಿಯಲ್ಲಿದೆ ಎಂದು ತಿಳಿದು ಮಾರನೆಯ ದಿನ ಮಧ್ಯಾಹ್ನ ಮಾವ ಬಂದು ಫೋಟೋ ಕೇಳಿ ನೋಡಿದ.

“ಅಲ್ಲ ಕಣ್ಲಾ, ನಾನು ವಾಲಿವ್ನಿ, ಸರಿ. ನನ್ ಹಿಂದೆ ಇಳಿಬುಟ್ಟಿರೋ ಗುಂಡಿನ ದಾರಾನೂ ಯಾಕ್ಲಾ ವಾಲೈತೆ? ಅದ್ಕೂ ವಯಸ್ಸಾಯ್ತಾ?”

ದಿಮ್ಮಿ ನೆಟ್ಟಗಿದೆಯೇ ಎಂದು ನೋಡಲು ಕಟ್ಟಿದ ದಾರ ಅದು. ತುದಿಗೆ ಕಬ್ಬಿಣದ ಗುಂಡು. ನೇರವಾಗಿ ಇಳಿಯುವುದು ಬಿಟ್ಟು ಅದಕ್ಕೆ ಬೇರೆ ಗೊತ್ತಿಲ್ಲ. ಫೋಟೋದಲ್ಲಿ ಅದೂ ಮಾವನಷ್ಟೇ ವಾಲಿತ್ತು. ಅವನ ಫೋಟೋ ಹಿಡಿಯುವಾಗ ಕ್ಯಾಮೆರಾ ಸ್ಟ್ಯಾಂಡಿನ ಒಂದು ಕಾಲು ಮರದ ಹೊಟ್ಟಿನಲ್ಲಿ ಹೂತುಹೋಗಿದ್ದಿರಬೇಕು. ಓದಿದ ದಡ್ಡ ನಾನು, ಫೋಟೋ ಕಾಗದದ ಅಂಚೇ ನೇರವೆಂದು ನಂಬಿ ಅಳೆದಿದ್ದೆ.

ಸಾಹೇಬರ ಬಳಿ ಓಡಿದೆ. ಮಾವನೂ ಹಿಂದೆಯೇ ಬಂದು ಬಾಗಿಲಲ್ಲಿ ನಿಂತ. ಸಾಹೇಬರು ದಾರ ನೋಡಿದರು, ಅರ್ಥವೂ ಆಯಿತು. ಮುಖ ಹುಳ್ಳಗಾಯಿತು.

“ಪಟ್ಟಿ ಬೆಳಿಗ್ಗೆಯೇ ಮೈಸೂರಿನ ಕಚೇರಿಗೆ ಹೋಯಿತಲ್ಲ ರೀ. ಅಳೆದದ್ದು ನೀವು. ತಪ್ಪು ನಿಮ್ಮದೇ ಅಂತ ಬರೆದುಕೊಟ್ಟರೆ ವಾಪಸ್ ತರಿಸ್ತೀನಿ. ಆಮೇಲೆ ನಿಮ್ಮನ್ನ ಇಟ್ಟುಕೊಳ್ಳೋಕಾಗಲ್ಲ. ಬರೀತೀರಾ?”

ಬರೆಯುತ್ತೇನೆ ಎನ್ನಬೇಕಿತ್ತು. ಫೋಟೋ ಎತ್ತಿಕೊಂಡು, ಬಾಗಿಲಲ್ಲಿದ್ದ ಮಾವನನ್ನು ದಾಟಿ ನನ್ನ ಮೇಜಿಗೆ ವಾಪಸಾದೆ. ಥೂ, ನನ್ನ ಜನ್ಮಕ್ಕಿಷ್ಟು! ಸಾಹೇಬನಿಗಿಂತ ನಾನೇ ಕಡೆ.

ಮುಂದಿನ ವಾರ ಮಾವನನ್ನು ಬಿಡಿಸಿದರು. ಆ ಸಂಜೆ ಮನೆಗೆ ಬಂದು ಅಮ್ಮ ಬಡಿಸಿದ ಮುದ್ದೆಯ ಮುಂದೆ ಕೂತ. ಏನೂ ತಿಳಿಯದ ಅಮ್ಮ ಸಾಹೇಬನ ವಂಶವನ್ನೆಲ್ಲ ಬೈಯುತ್ತಿದ್ದಳು.

ಮಾವ ನನ್ನ ಕಡೆ ನೋಡಲಿಲ್ಲ.

“ಬುಡು ಅಕ್ಕ,” ಎಂದ, “ನಿನ್ ಮಗನ್ ಕೆಲ್ಸ ಉಳ್ಕಂತಲ್ಲ.”