ಕೋವಿಗೆ ಮೇಣ ಕಾಯಿಸುತ್ತಿದ್ದ ಕಾಕ

ಹಿಮ್ಮಡಿ ಒಡೆದು ನಡೆಯಲಾಗದೆ ಮೊನ್ನೆ ಮೂಡುಬಿದಿರೆಯ ಅಂಗಡಿಯೊಂದರಿಂದ ಮುಲಾಮಿನ ಡಬ್ಬಿ ತಂದೆ. ಪುನರ್ಪುಳಿ (ಕೋಕಂ) ತುಪ್ಪ, ಜೇನುಮೇಣ ಎಂದು ಅದರ ಮೇಲೆ ಬರೆದದ್ದನ್ನು ನಾನು ಓದಿರಲಿಲ್ಲ. ಮುಚ್ಚಳ ತೆಗೆದದ್ದೇ ತಡ, ಆ ವಾಸನೆ... ಮೇಣದ ಸಿಹಿ, ಅದರ ಹಿಂದೆ ಪುನರ್ಪುಳಿ ಬೀಜದ ತೆಳು ಕಮಟು. ಡಬ್ಬಿ ಮುಚ್ಚಿ ಸುಮ್ಮನೆ ಕುಳಿತುಬಿಟ್ಟೆ. ಅರುವತ್ತು ದಾಟಿದ ರಿಟೈರ್ಡ್ ಟೀಚರು, ಒಂದು ಮುಲಾಮಿನ ಎದುರು ಮುಖ ಬಿಸಿಯಾಗಿ ಕೂತದ್ದನ್ನು ಯಾರಾದರೂ ನೋಡಿದ್ದರೆ ನಗುತ್ತಿದ್ದರು. ನಗಲಿ. ನನಗೆ ನಾಚಿಕೆಯಾಗಿತ್ತು.

ನಾವು ಅವರನ್ನು ಕಾಕ ಎನ್ನುತ್ತಿದ್ದೆವು; ನಮ್ಮ ಕಡೆ ಬ್ಯಾರಿ ಮುಸಲ್ಮಾನ ಹಿರಿಯರನ್ನು ಹಾಗೆಯೇ ಕರೆಯುವುದು. ವಾಮದಪದವಿನ ಆಚೆಗೆ ಅವರ ಮನೆ. ಮನೆಮನೆ ತಿರುಗಿ ಗೇರುಬೀಜ, ಕಾಳುಮೆಣಸು, ಒಣಗಿಸಿದ ಪುನರ್ಪುಳಿ ಸಿಪ್ಪೆ ಕೊಂಡು ಬಿ.ಸಿ.ರೋಡಿಗೆ ಸಾಗಿಸುವುದು ಅವರ ವ್ಯಾಪಾರ. ಆದರೆ ನಮ್ಮ ಮನೆಗೆ ಅವರು ಬರುತ್ತಿದ್ದದ್ದು ಬೇರೆಯೇ ಕೆಲಸಕ್ಕೆ. ಮನೆಯ ಯಜಮಾನರಾಗಿದ್ದ ನನ್ನ ಸೋದರಮಾವನ ಹೆಸರಿನಲ್ಲಿ ಬೆಳೆ ಕಾಯುವ ಲೈಸೆನ್ಸಿನ ಹಳೆಯ ಕೋವಿಯೊಂದಿತ್ತು. ಬಾಯಿಯಿಂದ ಮದ್ದು ತುಂಬಿಸಿ, ಗುಂಡು ಇಟ್ಟು, ಉದ್ದನೆಯ ಸರಳಿನಿಂದ ಜಡಿಯುವ ಕೋವಿ. ಗುಂಡು ಸಲೀಸಾಗಿ ಇಳಿಯಲೆಂದು ಅದನ್ನು ಸುತ್ತುವ ಬಟ್ಟೆಚೂರಿಗೆ ಹಚ್ಚುವ ಮೇಣವನ್ನು ಕಾಕನೇ ಮಾಡಬೇಕು. ಬೇರೆಯವರು ಮಾಡಿದ್ದು ಮಾವನಿಗೆ ಆಗುತ್ತಿರಲಿಲ್ಲ.

ಜೇನುಮೇಣ, ಪುನರ್ಪುಳಿ ಬೀಜದ ತುಪ್ಪ, ಹದಕ್ಕೆ ಒಂದಿಷ್ಟು ತೆಂಗಿನೆಣ್ಣೆ. ಇಷ್ಟೇ. ಆದರೆ ಮಳೆಗಾಲಕ್ಕೆ ಒಂದು ಹದ, ಸೆಕೆಗಾಲಕ್ಕೆ ಇನ್ನೊಂದು. ಸೆಕೆಗೆ ಜೇನುಮೇಣ ಹೆಚ್ಚು ಹಾಕದಿದ್ದರೆ ಕರಗಿ ಮದ್ದಿಗೆ ಇಳಿಯುತ್ತದೆ, ಕೋವಿ ಠುಸ್ಸೆನ್ನುತ್ತದೆ. ಮಳೆಗೆ ಎಣ್ಣೆ ಹೆಚ್ಚು ಹಾಕದಿದ್ದರೆ ಕಲ್ಲಿನಂತಾಗಿ ಬಟ್ಟೆಗೆ ಹಿಡಿಯುವುದೇ ಇಲ್ಲ. ಕಾಕ ಅಂಗಳದಲ್ಲಿ ಮೂರು ಕಲ್ಲು ಹೂಡಿ, ಹಳೆಯ ಬಾಣಲೆಯಲ್ಲಿ ನಿಧಾನ ಕಾಯಿಸಿ, ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು ಉಗುರಿನಿಂದ ಕೆರೆದು ನೋಡುತ್ತಿದ್ದರು. ಹದ ಬಂತೆಂದರೆ ತೆಂಗಿನ ಗೆರಟೆಗಳಿಗೆ ಸುರಿದು ಆರಲು ಇಡುತ್ತಿದ್ದರು. ಕಾಯಿಸುವಾಗ ಮಾವನಿಗೂ ಅವರಿಗೂ ಜಗಳವೇ ಜಗಳ.

"ಬ್ಯಾರಿಗಳೇ, ಒಬ್ಬಟ್ಟಿಗೂ ಇಷ್ಟು ಹದ ನೋಡಿದವರನ್ನು ನಾನು ಕಾಣೆ" ಎಂದು ಮಾವ ಕೆಣಕುತ್ತಿದ್ದರು.

"ಒಬ್ಬಟ್ಟು ಹಾಳಾದ್ರೆ ದನಕ್ಕೆ ಹಾಕ್ಬಹುದು ಶೆಟ್ರೇ. ಇದು ಹಾಳಾದ್ರೆ ಹಂದಿ ನಿಮ್ಮ ಗದ್ದೆಯಲ್ಲಿ ಊಟಕ್ಕೆ ಕೂರ್ತದೆ."

ಅಡುಗೆಮನೆಯಲ್ಲಿ ಕೂತು ಅವರಿಬ್ಬರ ಮಾತು ಕೇಳುವುದೇ ನಮಗೊಂದು ಖುಷಿ. ನನಗೆ ಮದುವೆಯಾಗಿ, ಶಿರ್ತಾಡಿಯ ಶಾಲೆಗೆ ಟೀಚರಾಗಿ ಸೇರಿದ ಮೇಲೂ, ಕಾಕ ಬರುವ ದಿನವೆಂದು ಗೊತ್ತಾದರೆ ತವರಿಗೆ ಹೋಗುತ್ತಿದ್ದೆ.

ಆ ವರ್ಷ ಆಯುಧ ಪೂಜೆಗೆ ಗಂಡನೂ ಜೊತೆಗೆ ಬಂದಿದ್ದರು. ಅಂದು ಕೋವಿಯನ್ನು ಒರೆಸಿ, ಮೇಣ ಸವರಿ, ಕತ್ತಿ ಕೊಡಲಿಗಳ ಸಾಲಿನಲ್ಲಿ, ಚಾವಡಿಯಲ್ಲಿ ದೈವದ ದೀಪದ ಎದುರು ಇಡುವುದು ನಮ್ಮ ಕ್ರಮ. ಮಳೆಗಾಲ ಮುಗಿದಿತ್ತು, ಹೊಸ ಹದದ ಮೇಣ ಬೇಕಿತ್ತು. ಕಾಕ ಬೆಳಿಗ್ಗೆಯೇ ಬಂದು ಕಾಯಿಸಿ ಗೆರಟೆಗೆ ಸುರಿದಿದ್ದರು. ನೆಂಟರೆಲ್ಲ ಜಗಲಿಯಲ್ಲಿದ್ದರು. ನನ್ನ ಗಂಡ ಅಂಗಳಕ್ಕೆ ಇಳಿದು, ಬಗ್ಗಿ ನೋಡಿ, ನಗುನಗುತ್ತಲೇ ಕೇಳಿದರು.

"ಕಾಕ, ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡಿ. ಇದರಲ್ಲಿ ದನದ ಕೊಬ್ಬು ಇಲ್ಲ ತಾನೆ?"

"ಇಲ್ಲ ಮಾರಾಯ್ರೆ. ನಿಮ್ಮೆದುರೇ ಕಾಯಿಸಿದ್ದಲ್ವಾ?"

"ಕಾಯಿಸಿದ್ದು ಇಲ್ಲಿ. ತುಪ್ಪ ನಿಮ್ಮ ಮನೆಯಿಂದ ತಂದದ್ದು. ದೈವದ ಎದುರು ಇಡುವ ವಸ್ತು ನೋಡಿ, ಅದಕ್ಕೆ ಕೇಳಿದ್ದು."

ನಾನು ಬಾಗಿಲಲ್ಲಿದ್ದೆ. ಮಾವ ಈಗ ಬೈಯುತ್ತಾರೆ, ಈಗ ಬೈಯುತ್ತಾರೆ ಎಂದು ಕಾದೆ... ಅವರು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ ತಲೆ ಎತ್ತಲೇ ಇಲ್ಲ.

ಕಾಕ ಗೆರಟೆ ಎತ್ತಿಕೊಂಡರು. ಅರೆ ಗಟ್ಟಿಯಾಗಿದ್ದ ಮೇಣವನ್ನು ಬೆರಳಿನಿಂದ ತೋಡಿ ಬಾಯಿಗೆ ಹಾಕಿಕೊಂಡರು. ಜಗಿದರು. ಮೇಣ ಅಷ್ಟು ಸುಲಭಕ್ಕೆ ನುಂಗಲು ಬರುವುದಿಲ್ಲ, ಕಷ್ಟಪಟ್ಟು ನುಂಗಿದರು. ನಾವೆಲ್ಲ ಅದನ್ನು ನೋಡುತ್ತಾ ನಿಂತಿದ್ದೆವು.

"ಅಂಗಳದಲ್ಲಿ, ನಿಮ್ಮೆಲ್ಲರ ಕಣ್ಣೆದುರು ಕಾಯಿಸ್ತಾ ಇದ್ದದ್ದು ಈ ಪ್ರಶ್ನೆ ಬಾರದಿರ್ಲಿ ಅಂತಲೇ ಶೆಟ್ರೇ" ಎಂದು ಮಾವನತ್ತ ತಿರುಗಿದರು. "ನಮ್ಮವರೂ ಕೇಳ್ತಾರೆ, ಹಂದಿ ಹೊಡೆಯುವ ಕೋವಿಗೆ ನಿನ್ನ ಕೈಯ ಮೇಣ ಯಾಕೆ ಅಂತ. ಇಷ್ಟು ವರ್ಷ ಅವರಿಗೆ ಉತ್ತರ ಕೊಟ್ಟೆ. ಈ ಮನೆಯಲ್ಲಿಯೂ ಕೊಡಬೇಕು ಅಂತ ಗೊತ್ತಿರ್ಲಿಲ್ಲ."

"ಚಾ ಕುಡಿದು ಹೋಗಿ ಬ್ಯಾರಿಗಳೇ" ಎಂದರು ಮಾವ. ಥೂ, ಎಂಥ ಮಾತು ಅದು! ಕಾಕ ಚಾ ಕುಡಿದೇ ಹೋದರು. ಲೋಟವನ್ನು ತಾವೇ ತೊಳೆದು ಕವುಚಿ ಇಟ್ಟಿದ್ದರು.

ಗಂಡನ ಹತ್ತಿರ ಆಮೇಲೆ ಜಗಳವಾಡಿದೆ. "ಕೇಳಿದ್ದರಲ್ಲಿ ಏನು ತಪ್ಪು? ತಿಂದು ತೋರಿಸಿದರು, ಮುಗಿಯಿತಲ್ಲ" ಎಂದರು. ಅವರಿಗೆ ನಿಜವಾಗಿಯೂ ಅಲ್ಲಿಗೆ ಮುಗಿದಿತ್ತು.

ಕಾಕ ಮತ್ತೆ ಬರಲಿಲ್ಲ. ಆ ಮೇಣ ಮುಗಿದ ಮೇಲೆ ಮಾವ ಗ್ಯಾರೇಜಿನಿಂದ ಬೈಕಿನ ಗ್ರೀಸು ತರಿಸಿ ಹಚ್ಚಿದರು. ಮದ್ದಿನ ಮಸಿಗೂ ಗ್ರೀಸಿಗೂ ಆಗಿಬರುವುದಿಲ್ಲ. ಎರಡೂ ಬೆಂದು ನಳಿಗೆಯೊಳಗೆ ಡಾಮರಿನಂತೆ ಹಿಡಿದುಕೊಂಡವು. ಸರಳು ಅರ್ಧಕ್ಕೇ ನಿಂತಿತು. ಇತ್ತ ಹಂದಿಗಳು ಗದ್ದೆಯನ್ನು ಉತ್ತುಹಾಕಿದವು. ಕೊನೆಗೆ ಮಾವ ನನ್ನನ್ನು ಕರೆದರು. "ನೀನು ಹೋಗಿ ಬಾ ಮಗಾ. ನನಗೆ ಅವರೆದುರು ನಿಲ್ಲುವ ಮುಖ ಇಲ್ಲ."

ಹೋದೆ. ಕ್ಷಮೆ ಕೇಳಬೇಕೆಂದು ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಕಾಕ ಏನೂ ಆಗದವರಂತೆ "ಬನ್ನಿ ಟೀಚರೇ" ಎಂದು ಬೆಂಚು ಒರೆಸಿದರು. ಗ್ರೀಸಿನ ಕತೆ ಕೇಳಿ ತಲೆ ತಲೆ ಬಡಿದುಕೊಂಡು ನಕ್ಕರು. ಕುದಿಯುವ ನೀರು ಬಿಟ್ಟು ನಳಿಗೆಯನ್ನು ಹೇಗೆ ತೊಳೆಯಬೇಕೆಂದು ಬಿಡಿಸಿ ಹೇಳಿದರು. ಒಳಗಿನಿಂದ ಒಂದು ಗೆರಟೆ ಮೇಣ ತಂದರು. ನನ್ನ ಕೈಗೆ ಕೊಡುವ ಮೊದಲು, ಅಂಚಿನಿಂದ ಒಂದು ಚೂರು ಮುರಿದು ತಮ್ಮ ಬಾಯಿಗೆ ಹಾಕಿಕೊಂಡರು. ನಾನು ಕೇಳಿರಲಿಲ್ಲ. ಬೇಡ ಕಾಕ ಎನ್ನಲು ಹೋದೆ, ಅಷ್ಟರಲ್ಲಿ ಜಗಿಯುತ್ತಿದ್ದರು. ಕ್ಷಮೆ ಕೇಳದೆಯೇ ಗೆರಟೆಯನ್ನು ಚೀಲಕ್ಕೆ ಹಾಕಿಕೊಂಡು ಬಂದುಬಿಟ್ಟೆ.

ಈಗ ಮಾವ ಇಲ್ಲ, ಕೋವಿಯನ್ನು ಠಾಣೆಗೆ ಒಪ್ಪಿಸಿಯಾಗಿದೆ. ಕಾಕನೂ ಇಲ್ಲ. ಅವರು ತೀರಿಕೊಂಡ ಸುದ್ದಿ ನನಗೆ ತಡವಾಗಿ ಸಿಕ್ಕಿತು; ಸಿಕ್ಕಿದ ಮೇಲೂ ಹೋಗಲು ಕಾಲು ಏಳಲಿಲ್ಲ. ಮೊನ್ನೆ ಆ ಡಬ್ಬಿ ತೆರೆದ ಮೇಲೆ ಮಾತ್ರ ತಡೆಯಲಾಗಲಿಲ್ಲ. ಕಾಕನಿಗಲ್ಲದಿದ್ದರೆ ಅವರ ಮಗಳಿಗಾದರೂ ಹೇಳಿ ಬರುವ, ತಪ್ಪಾಯಿತು ಅನ್ನುವ ಎಂದು ನಿನ್ನೆ ವಾಮದಪದವಿನಲ್ಲಿ ಬಸ್ಸಿಳಿದು ಅವರ ಮನೆಗೆ ಹೋದೆ.

ಮಗಳಿಗೆ ನನ್ನ ಗುರುತು ಸಿಕ್ಕಿತು. ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ, ಸೊಸೆಯನ್ನು ಕೂಗಿದಳು.

"ನಾನು ಯಾವಾಗಲೂ ಹೇಳ್ತೇನಲ್ಲ, ಆ ಕೋವಿಯ ಮನೆ? ಅಲ್ಲಿಯ ಟೀಚರು ಇವರು." ಮತ್ತೆ ನನ್ನ ಕಡೆ ತಿರುಗಿದಳು. "ಬಾಪ ಕೊನೆಯವರೆಗೂ ನಿಮ್ಮ ಮನೆಯ ಮಾತು ಆಡ್ತಿದ್ರು ಟೀಚರೇ. ಊರಲ್ಲಿ ಏನಾದರೂ ಗಲಾಟೆ ಸುದ್ದಿ ಬಂದರೆ ನಮ್ಮ ಹುಡುಗರನ್ನು ಕೂರಿಸಿ ಹೇಳ್ತಿದ್ರು, ಎಲ್ಲರೂ ಹಾಗೆ ಇಲ್ಲ ಮಕ್ಕಳೇ, ಶೆಟ್ರ ಮನೆಯಲ್ಲಿ ನನ್ನನ್ನು ಒಂದು ದಿನವೂ ಯಾರೂ ಸಂಶಯ ಮಾಡಿದವರಲ್ಲ ಅಂತ."

ಸೊಸೆ ಚಾ ತಂದಿಟ್ಟಳು. ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು, ನಾನು ಏನಾದರೂ ಹೇಳುತ್ತೇನೆಂದು.

"ಹೌದು" ಎಂದೆ.