ಅತ್ತೆ ಕಂಡ ಬೆಳಕು, ನನ್ನ ಆಫೀಸಿನ ಫಾರಂ

ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿತ್ತು. ಆಕ್ಲೆಂಡಿನಲ್ಲಿ ನನಗೆ ಸಿಕ್ಕಿದ್ದ ಕೆಲಸವನ್ನು ಊರಿನವರಿಗೆ ವಿವರಿಸುವುದೇ ಒಂದು ಫಜೀತಿ. ವಿಶ್ವವಿದ್ಯಾಲಯದ ಒಂದು ವಿಭಾಗದಲ್ಲಿ ಸಂಶೋಧನೆಗೆಂದು ಆರೋಗ್ಯವಾಗಿರುವ ಕಾಲೇಜು ಹುಡುಗರಿಗೆ ಕೆಟಮಿನ್ ಎಂಬ ಅರಿವಳಿಕೆ ಮದ್ದನ್ನು ತುಸುವೇ ಕೊಟ್ಟು, ಏನನ್ನಿಸಿತೆಂದು ಫಾರಂ ತುಂಬಿಸುತ್ತಿದ್ದರು. ಕಾಲ ನಿಂತಂತಾಯಿತೇ? ನಾನು ಎಂಬುದು ಕರಗಿತೇ? ದೈವದ ಸನ್ನಿಧಿಯಲ್ಲಿ ಇದ್ದಂತಾಯಿತೇ? ಉತ್ತರಗಳನ್ನು ಕಂಪ್ಯೂಟರಿಗೆ ಏರಿಸುವುದು ನನ್ನ ಪಾಲಿನ ಕೆಲಸ. ಋಷಿಗಳು ವರ್ಷಗಟ್ಟಲೆ ಒದ್ದಾಡಿ ಪಡೆದದ್ದನ್ನು ಇವರು ಮಧ್ಯಾಹ್ನದೊಳಗೆ ಮುಗಿಸಿ ಕ್ಯಾಂಟೀನಿಗೆ ಪೈ ತಿನ್ನಲು ಹೋಗುತ್ತಾರಲ್ಲ ಎಂದು ಗೊಣಗಿಕೊಂಡೇ ಟೈಪ್ ಮಾಡುತ್ತಿದ್ದೆ.

ನನಗಾಗ ಏಳು ತಿಂಗಳು ತುಂಬಿತ್ತು. ಬಾಣಂತನಕ್ಕೆಂದು ಅತ್ತೆ ಮೈಸೂರಿನಿಂದ ಬಂದಿದ್ದರು. ಒಂದು ಬೆಳಿಗ್ಗೆ ಸ್ಯಾಂಡ್ರಿಂಗಮ್ ಬಡಾವಣೆಯ ನಮ್ಮ ಮನೆಯ ಬಚ್ಚಲಲ್ಲಿ ಜಾರಿಬಿದ್ದು ಅವರ ಭುಜದ ಕೀಲು ತಪ್ಪಿತು. ಆಸ್ಪತ್ರೆಯಲ್ಲಿ ಏನೋ ಚುಚ್ಚಿ, ಕೀಲು ಕೂರಿಸಿ, ಸಂಜೆಗೆ ಮನೆಗೆ ಕಳಿಸಿದರು.

ಅಂದಿನಿಂದ ಅತ್ತೆ ಬೇರೆಯೇ ಆದರು. ಊಟ ಎರಡು ತುತ್ತು, ಮಾತು ಅಷ್ಟಕ್ಕಷ್ಟೇ. ನಾಲ್ಕನೆಯ ದಿನ ನೋಡಿದರೆ ಒಂದೇ ಕೈಯಲ್ಲಿ ಸೀರೆ ಮಡಿಸಿ ಸೂಟ್‌ಕೇಸಿಗೆ ತುಂಬುತ್ತಿದ್ದಾರೆ.

"ನನ್ನನ್ನ ಮೈಸೂರಿಗೆ ಕಳಿಸಿಬಿಡು ಕಣೇ. ನನಗೆ ಕರೆ ಬಂದಿದೆ," ಎಂದರು. ಆಸ್ಪತ್ರೆಯ ಮಂಚದ ಮೇಲೆ ಮೈ ಹಗುರಾಯಿತಂತೆ, ಎಲ್ಲೆಲ್ಲೂ ಬೆಳಕಂತೆ, ತೀರಿಕೊಂಡ ಮಾವ ಆ ಬೆಳಕಿನಲ್ಲಿ ನಿಂತಿದ್ದರಂತೆ. "ಇನ್ನು ಹೆಚ್ಚು ದಿನ ಇಲ್ಲ. ಇಲ್ಲೇ ಪ್ರಾಣ ಹೋದ್ರೆ ನಿಮಗೆ ತಾಪತ್ರಯ."

ನನಗೆ ಮೈಯೆಲ್ಲ ಉರಿಯಿತು. ಸೊಸೆಗೆ ಹೆರಿಗೆ ಹತ್ತಿರ, ಇವರಿಗೆ ವೈಕುಂಠದ ಅವಸರ. ಆಮೇಲೆ ಹೊಳೆಯಿತು, ಇದೆಲ್ಲ ನಾನು ದಿನವೂ ಟೈಪ್ ಮಾಡುವ ಮಾತೇ. ಆಸ್ಪತ್ರೆಯ ಕಾಗದ ತೆಗೆದು ನೋಡಿದೆ. ಕೊಟ್ಟಿದ್ದು ಕೆಟಮಿನ್.

ಹೇಳಲೋ ಬೇಡವೋ? ಜೀವಮಾನವೆಲ್ಲ ಪೂಜೆ ಮಾಡಿದವರಿಗೆ, ನೀವು ಕಂಡದ್ದು ಮದ್ದಿನ ಮಹಿಮೆ ಎನ್ನುವುದು ಹೇಗೆ? ಎರಡು ದಿನ ಬಾಯಿ ಬಿಡಲಿಲ್ಲ. ಅವರು ತಟ್ಟೆಯನ್ನು ಮುಟ್ಟದೆಯೇ ಎದ್ದಾಗ ಮಾತ್ರ ತಡೆಯಲಾಗಲಿಲ್ಲ. ಆಫೀಸಿನಲ್ಲಿ ಕೇಳಿ ಒಂದು ಖಾಲಿ ಫಾರಂ ತಂದು, ಎದುರಿಗೆ ಕೂತು, ಪ್ರಶ್ನೆಗಳನ್ನು ಒಂದೊಂದಾಗಿ ಕನ್ನಡದಲ್ಲಿ ಕೇಳಿದೆ. ಎಲ್ಲದಕ್ಕೂ ಹೌದು ಎಂದರು.

"ನಾನು ಕಂಡದ್ದನ್ನ ಇವರು ಮೊದಲೇ ಹೇಗೆ ಬರೆದಿಟ್ಟಿದಾರೆ?"

"ಆ ಮದ್ದು ತಗೊಂಡ ಎಷ್ಟೋ ಜನಕ್ಕೆ ಹೀಗಾಗತ್ತೆ ಅತ್ತೆ. ನಿಮಗೂ ಅದನ್ನೇ ಕೊಟ್ಟಿದ್ದು."

"ಅವರೆಲ್ಲ ಆಮೇಲೆ ಏನಾದ್ರು?"

"ಏನೂ ಆಗಿಲ್ಲ. ಕಾಲೇಜಿಗೆ ಹೋಗ್ತಿದಾರೆ. ಒಬ್ಬ ರಗ್ಬಿ ಆಡ್ತಾನೆ."

ಅತ್ತೆ ಫಾರಂ ಇಸಕೊಂಡು ತಿರುವಿ ತಿರುವಿ ನೋಡಿದರು. ನೋಯಿಸಿಬಿಟ್ಟೆನಲ್ಲ ಎನಿಸಿತು. "ಮಾವ ಬಂದಿದ್ದು ಸುಳ್ಳು ಅಂತ ನಾನು ಹೇಳ್ತಿಲ್ಲ," ಎಂದೆ.

"ಬಂದಿದ್ರೆ ಬರ್ಲಿ ಬಿಡು, ನೋಡ್ಕೊಂಡು ಹೋಗ್ಲಿ," ಎಂದರು. ಕಣ್ಣು ತುಂಬಿತ್ತು. "ನನಗೆ ಹೋಗೋಕೆ ಮನಸ್ಸೇ ಇರ್ಲಿಲ್ಲ ಕಣೇ. ಮಗೂನ ಎತ್ಕೋಬೇಕು ಅಂತ ಆಸೆ. ದೇವರು ಕರೆದಾಗ ಬರಲ್ಲ ಅನ್ನೋಕೆ ಭಯ ಆಗಿ ಸುಮ್ಮನಿದ್ದೆ."

ಇವರಿಗೆ ಮುಕ್ತಿಯ ಹಂಬಲವೆಂದು ಇಷ್ಟು ದಿನ ಒಳಗೊಳಗೇ ಸಿಡುಕಿದ್ದೆ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಎದೆಯ ಭಾರ ಇಳಿಯಿತು. ಅನ್ನ ಬಿಸಿ ಮಾಡಿ ತಂದೆ. ಅತ್ತೆ ಎರಡು ಸಲ ಸಾರು ಹಾಕಿಸಿಕೊಂಡು ಉಂಡರು.